ಓದಿ ಹೇಳದೆ ಕಳಿಸಿದ ಪತ್ರ

ನಮ್ಮ ಕಚೇರಿಯಲ್ಲಿ ಈಗ ಹೊಸಬರ ತರಬೇತಿ ನೋಡಿಕೊಳ್ಳುವ ಹುಡುಗಿಯೊಬ್ಬಳು ಬಾಗಲಕೋಟೆಯಿಂದ ಫೋನು ಮಾಡಿದ್ದಳು. "ಬಾಯಾರ, ಈ ಹೊಸ ಮಂದಿಗೆ ಕರಡು ಯಾವುದು, ಅಂತಿಮ ಪ್ರತಿ ಯಾವುದು ಅನ್ನೂದ ತಿಳೀವಲ್ದು ನೋಡ್ರಿ. ಎಲ್ಲಾ ಕಂಪ್ಯೂಟರ್ ನೋಡ್ಕೋತೈತಿ ಅಂತಾರ. ನಿಮ್ಮ ಅನುಭವ ನಾಕು ಹಾಳಿ ಬರದು ಕೊಡ್ರಿ. ನಿಮ್ಮಂಗ ಚೊಕ್ಕ ಕೆಲಸ ಮಾಡಿದವರು ಯಾರದಾರ?" ಎಂದಳು. ಚೊಕ್ಕ ಕೆಲಸ ಎಂಬ ಮಾತು ಕೇಳಿ ಫೋನು ಇಟ್ಟುಬಿಡೋಣ ಅನ್ನಿಸಿತು. ಇಡಲಿಲ್ಲ. ಬರೆದುಕೊಡುತ್ತೇನೆ ಎಂದೆ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎಂಬುದರಿಂದ ನಿಮಗೇನೂ ಆಗಬೇಕಾಗಿಲ್ಲ. ನನ್ನ ಹೆಸರು ಲಕ್ಕವ್ವ. ಹುನಗುಂದ ತಾಲೂಕಿನ ಹಳ್ಳಿಯವಳು. ಬೀರಪ್ಪ ದೇವರಿಗೆ ನಡೆದುಕೊಳ್ಳುವ, ಕುರಿ ಸಾಕುವ ಮನೆತನ. ಆ ಮನೆಯಲ್ಲಿ ಬೆರಳಚ್ಚು ಕಲಿತ ಮೊದಲ ಹೆಣ್ಣು ನಾನು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಇಲಾಖೆಯಲ್ಲಿ ದುಡಿದೆ. ಮೊದಲು ಇಳಕಲ್ಲ, ನಂತರ ಬಾದಾಮಿ, ಕೊನೆಗೆ ಬಾಗಲಕೋಟೆ. ಇಲಾಖೆ ಯಾವುದೆಂದು ಹೇಳುವುದಿಲ್ಲ. ಎಲ್ಲ ಇಲಾಖೆಯಲ್ಲೂ ಪತ್ರ ಒಂದೇ ರೀತಿ ಹುಟ್ಟುತ್ತದೆ: ಮೊದಲು ಕರಡು, ಆಮೇಲೆ ತಿದ್ದುಪಡಿ, ಆಮೇಲೆ ಸಹಿ. ಈ ಮೂರರ ನಡುವೆ ಎಲ್ಲೋ ನಾನು ಒಂದು ಮನೆಯನ್ನು ಹಾಳು ಮಾಡಿದೆ. ಅದನ್ನು ಹೇಳುವ ಸಲುವಾಗಿಯೇ ಬರೆಯುತ್ತಿದ್ದೇನೆ.

ಇಳಕಲ್ಲ ಕಚೇರಿಗೆ ಸೇರಿದಾಗ ಅಲ್ಲಿ ಎರಡು ಟೈಪ್‌ರೈಟರ್ ಇದ್ದವು. ಒಂದರಲ್ಲಿ ಒತ್ತಕ್ಷರ ಸರಿಯಾಗಿ ಬೀಳುತ್ತಿರಲಿಲ್ಲ. ಹೊಸಬಳೆಂದು ಅದನ್ನೇ ನನಗೆ ಕೊಟ್ಟರು. ಶಿರಸ್ತೇದಾರರು ಕುಲಕರ್ಣಿಯವರು. ಮೂಗಿನ ತುದಿಯಲ್ಲಿ ಸಿಟ್ಟು, ಕಿಸೆಯಲ್ಲಿ ಕೆಂಪು ಶಾಯಿಯ ಪೆನ್ನು. ಅವರದೊಂದು ಪದ್ಧತಿಯಿತ್ತು. ಶುದ್ಧ ಪ್ರತಿ ಟೈಪಾದ ಮೇಲೆ, ಸಾಹೇಬರ ಸಹಿಗೆ ಹೋಗುವ ಮುಂಚೆ, ಇಬ್ಬರು ಎದುರುಬದುರು ಕೂತು ತಾಳೆ ನೋಡಬೇಕು. ಒಬ್ಬರು ಕರಡನ್ನು ಗಟ್ಟಿಯಾಗಿ ಓದಿ ಹೇಳಬೇಕು. ಇನ್ನೊಬ್ಬರು ಶುದ್ಧ ಪ್ರತಿಯ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲೂ ನೋಡುತ್ತ ಹೋಗಬೇಕು. ಸರಿ ಎಂದಾದರೆ ಕರಡಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ. ನಮ್ಮಪ್ಪ ಮಾರಿದ ಕುರಿಯ ಬೆನ್ನಿಗೆ ಬಣ್ಣ ಹಚ್ಚುತ್ತಿದ್ದ, ಮತ್ತೆ ಹಿಂಡಿನೊಳಗೆ ಎಣಿಸಬಾರದೆಂದು. ಇದೂ ಹಾಗೆಯೇ. ಗೆರೆ ಬಿದ್ದ ಕರಡು ಕಡತದಲ್ಲಿ ಉಳಿಯುತ್ತಿತ್ತು, ಆದರೆ ಅದನ್ನು ಯಾರೂ ಅಪ್ಪಿತಪ್ಪಿಯೂ ಸಹಿಗೆ ಇಡುವಂತಿರಲಿಲ್ಲ.

ನನಗೆ ಓದಿ ಹೇಳುತ್ತಿದ್ದವರು ನಮ್ಮ ಕಚೇರಿಯ ಜವಾನ ರಾಜೇಸಾಬ. ಏಳನೆಯ ಇಯತ್ತೆತನಕ ಶಾಲೆ ಕಲಿತ ಮನುಷ್ಯ, ಓದು ಮಾತ್ರ ಸ್ವಚ್ಛ. ಕಾಮಾ ಬಂದರೆ "ಕಾಮಾ" ಅನ್ನುವರು, ವಾಕ್ಯ ಮುಗಿದರೆ "ಪೂರ್ಣವಿರಾಮ" ಅನ್ನುವರು, ಅದನ್ನು ಹೇಳುವಾಗ ತಲೆಯನ್ನೂ ಒಂದಿಷ್ಟು ಬಗ್ಗಿಸುವರು. ಸಾಹೇಬರು ಕೋಣೆಯಿಂದ "ಏನ್ ಭಾಷಣ ನಡದೈತಿ ಅಲ್ಲಿ?" ಎಂದು ಕೇಳಿದರೂ ದನಿ ಇಳಿಸುತ್ತಿರಲಿಲ್ಲ. ತಾಳೆ ಮುಗಿದ ಮೇಲೆ ಕೆಂಪು ಗೆರೆ ಎಳೆಯುವ ಹಕ್ಕು ತಮ್ಮದೇ ಎಂದುಕೊಂಡಿದ್ದರು. ಅಳತೆಪಟ್ಟಿ ಇಟ್ಟು ಎಳೆಯುತ್ತಿದ್ದರು.

ನನ್ನ ಮೊದಲ ದೊಡ್ಡ ತಪ್ಪನ್ನು ಹಿಡಿದದ್ದೂ ಆ ಓದೇ. ಊರಿನ ಒಬ್ಬ ನೇಕಾರ ಒಂದೇ ವಿಷಯಕ್ಕೆ ಹನ್ನೊಂದು ಅರ್ಜಿ ಕೊಟ್ಟಿದ್ದ. ಅವನಿಗೆ ಹೋಗಬೇಕಾದ ಉತ್ತರದ ಕರಡಿನ ಅಂಚಿನಲ್ಲಿ ಸಾಹೇಬರು, "ಈತ ಬಹಳ ತಲೆಹರಟೆ. ಆದರೂ ಸೌಮ್ಯವಾಗಿ ಬರೆಯಿರಿ" ಎಂದು ಗೀಚಿದ್ದರು. ನಾನು ಅದನ್ನೂ ಪತ್ರದ ಭಾಗವೆಂದು ತಿಳಿದು ಟೈಪು ಮಾಡಿಬಿಟ್ಟಿದ್ದೆ. ರಾಜೇಸಾಬ "ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ, ಪೂರ್ಣವಿರಾಮ" ಎಂದು ಮುಂದಿನ ಸಾಲಿಗೆ ಹೋದರು. ನನ್ನ ಬೆರಳು "ಈತ ಬಹಳ ತಲೆಹರಟೆ" ಎಂಬಲ್ಲಿ ನಿಂತಿತು. ತೋರಿಸಿದೆ. ಅವರು ಸ್ಟೂಲು ಹಿಡಿದುಕೊಂಡು ನಕ್ಕರು.

"ಬಾಯಾರ, ಇದು ಹೋಗಿದ್ರ ಹನ್ನೆರಡನೇ ಅರ್ಜಿ ನಿಮ್ಮ ಮ್ಯಾಲೇ ಬರ್ತಿತ್ತು" ಎಂದರು. ಕುಲಕರ್ಣಿಯವರಿಗೆ ಹೇಳಲಿಲ್ಲ. ಮತ್ತೊಂದು ಹಾಳೆ ತಂದುಕೊಟ್ಟು, "ಹೊಡೀರಿ ಲಗೂನ" ಎಂದರು. ಹನ್ನೆರಡು ವರ್ಷ ನಾವಿಬ್ಬರೂ ಹೀಗೆ ಎದುರುಬದುರು ಕೂತೆವು. ಆ ಹನ್ನೆರಡು ವರ್ಷದಲ್ಲಿ ನನ್ನ ಕೈಯಿಂದ ತಪ್ಪು ಪತ್ರ ಒಂದೂ ಹೊರಗೆ ಹೋಗಲಿಲ್ಲ. ಅದು ನನ್ನ ಜಾಣತನ ಎಂದು ನಾನು ತಿಳಿದುಕೊಂಡಿದ್ದೆ.

ಬಾದಾಮಿಗೆ ವರ್ಗವಾದಾಗ ಅಲ್ಲಿ ಕಂಪ್ಯೂಟರು ಬಂದಿತ್ತು, ರಾಜೇಸಾಬ ಇರಲಿಲ್ಲ. ತಾಳೆ ನೋಡುವ ಪದ್ಧತಿಯೂ ಇರಲಿಲ್ಲ. ಪರದೆಯ ಮೇಲೆ ತಿದ್ದಿದ್ದೇ ಅಚ್ಚಾಗಿ ಬರುತ್ತದಲ್ಲ, ತಾಳೆ ಯಾಕೆ ಎಂದರು. ಮಾತು ಸರಿಯಾಗಿಯೇ ಕೇಳಿಸಿತು. ಆದರೆ ಒಂದು ಪತ್ರಕ್ಕೆ ಒಂದು ಕರಡು ಇರುತ್ತಿದ್ದ ಕಾಲ ಹೋಗಿ, ಒಂದು ಪತ್ರಕ್ಕೆ ಆರು ಕರಡು ಹುಟ್ಟತೊಡಗಿದವು. ನನ್ನ ಯಂತ್ರದಲ್ಲಿ "ಅಂತಿಮ", "ಅಂತಿಮ ಹೊಸದು", "ಇದೇ ಅಂತಿಮ", "ಸಾಹೇಬರು ನೋಡಿದ ಅಂತಿಮ" ಎಂದೆಲ್ಲ ಹೆಸರಿನ ಕಡತಗಳು ತುಂಬಿದ್ದವು. ಯಾವುದಕ್ಕೂ ಕೆಂಪು ಗೆರೆಯಿಲ್ಲ. ಎಲ್ಲವೂ ಬಿಳಿಯಾಗಿ, ಶುಭ್ರವಾಗಿ, ತಾನೇ ಸರಿ ಎನ್ನುವಂತೆ ಕೂತಿರುತ್ತಿದ್ದವು.

ಒಮ್ಮೆ ಹಳ್ಳಿಗರ ಅಹವಾಲು ಕೇಳುವ ಸಭೆಯ ನೋಟಿಸು. ಮೊದಲು ಸೋಮವಾರ ಎಂದಿತ್ತು, ಸಾಹೇಬರು ಗುರುವಾರಕ್ಕೆ ಬದಲಿಸಿದರು. ನಾನು ತಿದ್ದಿ ಇನ್ನೊಂದು ಹೆಸರಿನಲ್ಲಿ ಇಟ್ಟೆ. ಬಾದಾಮಿಯ ಫಲಕಕ್ಕೆ ಗುರುವಾರದ ನೋಟಿಸು ಹೋಯಿತು; ಕುಳಗೇರಿ ಕ್ರಾಸಿನ ಕಡೆಗೆ ಪೆನ್‌ಡ್ರೈವ್‌ನಲ್ಲಿ ಹೋದದ್ದು ಸೋಮವಾರದ್ದು. ಸೋಮವಾರ ಆ ಕಡೆಯ ಮಂದಿ ಟ್ರ್ಯಾಕ್ಸ್ ಗಾಡಿ ತುಂಬಿಕೊಂಡು ಬಂದು, ಅಹವಾಲು ಕೇಳುವ ಸಾಹೇಬರನ್ನು ಕಾಣದೆ, ಸಂಜೆತನಕ ಕೂತು ಬೈದು ಹೋದರು. ಅವರಲ್ಲಿ ಒಬ್ಬ ಮುದುಕ ಗುರುವಾರವೂ ಬಂದ. "ಅವತ್ತ ಮಂದಿ ಇದ್ರು, ನೀವಿರಲಿಲ್ಲ. ಇವತ್ತ ನೀವದೀರಿ, ನಮ್ಮ ಮಂದಿ ಇಲ್ಲ. ನಾ ಒಬ್ಬಾಂವ ಏನ್ ಹೇಳ್ಲಿ?" ಎಂದು ನನ್ನ ಮೇಜಿನ ಮುಂದೆ ನಿಂತ. ಕುರ್ಚಿ ಕೊಟ್ಟೆ, ಚಹಾ ತರಿಸಿದೆ. ಚಹಾ ಕುಡಿಯದೆ ಹೋದ.

ಸಾಹೇಬರು ನನಗೆ ಬೈಯಲಿಲ್ಲ. ಕಂಪ್ಯೂಟರಿಗೆ ಬೈದರು. "ಈ ಡಬ್ಬಿ ನಂಬಿ ಕೆಟ್ಟಿವಿ ನೋಡ್ರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ತಪ್ಪನ್ನು ಯಂತ್ರದ ತಲೆಗೆ ಕಟ್ಟಬಹುದು, ಯಂತ್ರ ಎದುರು ಮಾತಾಡುವುದಿಲ್ಲ ಎಂಬ ಕೆಟ್ಟ ಪಾಠ ನನಗೆ ಅವತ್ತು ಸಿಕ್ಕಿತು. ಅದು ಮುಂದೆ ನೆನಪಿಗೆ ಬಂದದ್ದು ಬರಬಾರದ ಹೊತ್ತಿನಲ್ಲಿ.

ಬಾಗಲಕೋಟೆಗೆ ಬಂದಾಗ ಪೆನ್‌ಡ್ರೈವ್ ಕಾಲವೂ ಮುಗಿಯುತ್ತಿತ್ತು. ಕಡತಗಳೆಲ್ಲ ಪರದೆಯೊಳಗೇ ಹುಟ್ಟಿ, ಪರದೆಯೊಳಗೇ ಮೇಜಿನಿಂದ ಮೇಜಿಗೆ ಹೋಗುವ ವ್ಯವಸ್ಥೆ ಬಂತು. ಕರಡು ಬರೆದು ಮೇಲಕ್ಕೆ ಕಳಿಸಿದರೆ ಅಲ್ಲಿಯೇ ಒಪ್ಪಿಗೆ, ಅಲ್ಲಿಯೇ ಸಹಿ, ಅಲ್ಲಿಂದಲೇ ರವಾನೆ. ಯಾರು ಯಾವ ಗಳಿಗೆಯಲ್ಲಿ ಏನು ಬರೆದರು, ಏನು ತೆಗೆದರು ಎಂಬುದೆಲ್ಲ ಒಳಗೆ ದಾಖಲಾಗಿರುತ್ತದೆ. ಕುಲಕರ್ಣಿಯವರು ಇದ್ದಿದ್ದರೆ ಮೆಚ್ಚುತ್ತಿದ್ದರು. ವ್ಯವಸ್ಥೆ ಒಳ್ಳೆಯದೇ. ನಾನು ಹೇಳುತ್ತಿರುವುದು ಯಂತ್ರದ ಮೇಲಿನ ದೂರಲ್ಲ, ನನ್ನ ಮೇಲಿನದು.

ರಾಜೇಸಾಬರೂ ಅಷ್ಟರಲ್ಲಿ ಅಲ್ಲಿಗೇ ವರ್ಗವಾಗಿ ಬಂದಿದ್ದರು. ಮನೆ ಇಳಕಲ್ಲಿನಲ್ಲೇ, ದಿನಾ ಬಸ್ಸಿನಲ್ಲಿ ಬಂದುಹೋಗುವರು. ಗಡ್ಡ ಬೆಳ್ಳಗಾಗಿತ್ತು. ಹೊರಲು ಕಡತವಿಲ್ಲ, ಓದಲು ಕರಡಿಲ್ಲ, ಗೆರೆ ಎಳೆಯಲು ಹಾಳೆಯಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ನನ್ನ ಹತ್ತಿರ ಬಂದು, "ಓದಾಕ ಏನರ ಐತೇನ್ರಿ ಬಾಯಾರ?" ಎನ್ನುವರು.

"ಈಗ ಓದೂದು ಬೇಕಾಗೂದಿಲ್ಲ ರಾಜೇಸಾಬ. ಇದರಾಗ ಬರದದ್ದು ಹಂಗ ಹೋಗ್ತೈತಿ."

"ತಪ್ಪು ಬರದ್ರ?"

"ತಪ್ಪೂ ಹಂಗ ಹೋಗ್ತೈತಿ" ಎಂದೆ. ಇಬ್ಬರೂ ನಕ್ಕೆವು. ಆ ನಗುವನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಒಂದು ದಿನ ಎದೆ ನೋಯುತ್ತದೆ ಎಂದವರು ದವಾಖಾನೆಯ ದಾರಿಯಲ್ಲೇ ತೀರಿಕೊಂಡರು. ಮನೆಯಲ್ಲಿ ಹೆಂಡತಿ ಹುಸೇನಬಿ, ಒಬ್ಬಳೇ ಮಗಳು ರೇಷ್ಮಾ. ಹುಡುಗಿ ಡಿಗ್ರಿ ಮುಗಿಸಿದ್ದಳು. ಸೇವೆಯಲ್ಲಿರುವಾಗಲೇ ನೌಕರ ತೀರಿಕೊಂಡರೆ ಮನೆಯವರೊಬ್ಬರಿಗೆ ಅನುಕಂಪದ ಮೇಲೆ ಕೆಲಸ ಕೊಡುವ ಪದ್ಧತಿ ನಿಮಗೆ ಗೊತ್ತು. ಅರ್ಜಿ ಒಂದು ವರ್ಷದೊಳಗೆ ಬರಬೇಕು. ಹುಸೇನಬಿ ಗಂಡ ಸತ್ತವಳು ಹೊರಗೆ ಕಾಲಿಡದ ಇದ್ದತ್ತಿನ ದಿನಗಳನ್ನು ಮನೆಯೊಳಗೇ ಕಳೆದಳು, ನಂತರ ಕಾಯಿಲೆ ಬಿದ್ದಳು, ಮರಣದ ದಾಖಲೆಯಲ್ಲಿ ಹೆಸರು ತಪ್ಪಾಗಿ ಅದನ್ನು ತಿದ್ದಿಸಲು ತಿರುಗಿದಳು. ಕೊನೆಗೆ ವರ್ಷ ತುಂಬಲು ಇನ್ನೂ ಸ್ವಲ್ಪ ದಿನವಿರುವಾಗ ಮಗಳ ಅರ್ಜಿಯನ್ನು ತಾನೇ ಹೋಗಿ ಇಳಕಲ್ಲ ಕಚೇರಿಗೆ ಕೊಟ್ಟು ಬಂದಳು. ಅಲ್ಲಿ ಎಲ್ಲರೂ ಗಂಡನನ್ನು ಬಲ್ಲವರು. ಸ್ವೀಕೃತಿ ಚೀಟಿ ಕೇಳಬೇಕೆಂದು ಅವಳಿಗೆ ತೋಚಲಿಲ್ಲ, ಅವರೂ ಕೊಡಲಿಲ್ಲ. ಅರ್ಜಿ ಅಲ್ಲಿಯೇ ಒಂದು ಕಟ್ಟಿನ ಕೆಳಗೆ ಉಳಿದು, ನಮ್ಮ ಕಚೇರಿಗೆ ಬರುವಷ್ಟರಲ್ಲಿ ವರ್ಷ ದಾಟಿತ್ತು.

ಆ ಅರ್ಜಿಯ ಮೇಲೆ ಮುಖ್ಯ ಕಚೇರಿಗೆ ಪತ್ರ ಬರೆಯುವ ಕೆಲಸ ನನ್ನದು. ಮೊದಲ ಕರಡನ್ನು ನಮ್ಮಲ್ಲಿಗೆ ಬಂದ ದಿನಾಂಕ ನೋಡಿಯೇ ಬರೆದೆ: ಅರ್ಜಿ ಗಡುವು ಮೀರಿ ಬಂದಿದೆ ಎಂದು. ಬರೆದ ಮೇಲೆ ಮನಸ್ಸು ತಡೆಯಲಿಲ್ಲ. ಇಳಕಲ್ಲಿಗೆ ಫೋನು ಮಾಡಿದೆ. ಅಲ್ಲಿಯವರು ಬಂದ ಕಾಗದಗಳನ್ನು ಬರೆದಿಡುವ ತಮ್ಮ ಆವಕ ವಹಿ ತೆಗೆದು, ಪುಟದ ಫೋಟೋ ಕಳಿಸಿದರು. ಹುಸೇನಬಿ ಕೊಟ್ಟ ದಿನ ಸ್ಪಷ್ಟವಾಗಿತ್ತು, ಗಡುವಿನೊಳಗೇ ಇತ್ತು. ಖುಷಿಯಿಂದ ಎರಡನೆಯ ಕರಡು ಬರೆದೆ: ಅರ್ಜಿ ಸಕಾಲದಲ್ಲಿ ಬಂದಿದೆ, ಶಿಫಾರಸು ಮಾಡಲಾಗಿದೆ. ಫೋಟೋವನ್ನೂ ಲಗತ್ತಿಸಿದೆ. ಸಾಹೇಬರು ಓದಿ ಒಪ್ಪಿದರು. ಮೊದಲ ಕರಡನ್ನು ರದ್ದು ಮಾಡಲು ಅಲ್ಲಿಯೇ ಒಂದು ಬಟನ್ ಇತ್ತು. ಒತ್ತಬೇಕಿತ್ತು. ಒತ್ತಲಿಲ್ಲ.

ಸಾಹೇಬರ ಸಹಿ ಆಗ ಬೆರಳುದ್ದದ ಒಂದು ಟೋಕನ್ನಿನಲ್ಲಿ ಇರುತ್ತಿತ್ತು. ಅದನ್ನು ಯಂತ್ರಕ್ಕೆ ಚುಚ್ಚಿ ಪಿನ್ ಒತ್ತಿದರೆ ಸಹಿ. ಅದು ಅವರ ಕೈಯಲ್ಲೇ ಇರಬೇಕು ಎಂಬುದು ನಿಯಮ. ನನ್ನ ಡ್ರಾಯರಿನಲ್ಲಿ ಇರುತ್ತಿದ್ದದ್ದು ರೂಢಿ, ಪಿನ್ನೂ ನನಗೆ ಗೊತ್ತಿತ್ತು. ಅವತ್ತು ಅವರು ಶಿವಯೋಗ ಮಂದಿರದ ಕಡೆ ಯಾವುದೋ ಕಾರ್ಯಕ್ಕೆ ಹೋಗಿದ್ದರು. ಫೋನಿನಲ್ಲಿ, "ಲಕ್ಕವ್ವ, ಇವತ್ತ ಹೋಗಬೇಕಾದ್ದು ಎಲ್ಲಾ ಕಳಿಸಿಬಿಡ್ರಿ. ಟೋಕನ್ ನಿಮ್ಮ ಕಡೇನ ಐತೆಲ್ಲ" ಎಂದರು. ಹದಿನೈದು ಪತ್ರಗಳಿದ್ದವು. ರಾಜೇಸಾಬರ ಮಗಳ ಕಡತ ತೆರೆದಾಗ ಎರಡು ಕರಡುಗಳು ಒಂದರ ಕೆಳಗೊಂದು ಕಂಡವು. ನನ್ನ ಹಳೆಯ ಯಂತ್ರದಲ್ಲಿ ಹೊಸದು ಯಾವಾಗಲೂ ಮೇಲಿರುತ್ತಿತ್ತು. ಮೇಲಿನದಕ್ಕೆ ಸಹಿ ಒತ್ತಿದೆ. ಈ ವ್ಯವಸ್ಥೆಯಲ್ಲಿ ಮೇಲಿರುವುದು ಹಳೆಯದು.

ತೆರೆದು ಓದಿದ್ದರೆ ಸಾಕಿತ್ತು. ಗಟ್ಟಿಯಾಗಿಯೂ ಬೇಡ, ಕಣ್ಣಿನಿಂದ ಮೂರು ಸಾಲು. ಓದಲಿಲ್ಲ. ಇತರರ ಪತ್ರಗಳಿಗೆಲ್ಲ ಹನ್ನೆರಡು ವರ್ಷ ದನಿ ಕೊಟ್ಟ ಮನುಷ್ಯನ ಸ್ವಂತ ಮಗಳ ಪತ್ರವನ್ನು ಓದದೆಯೇ ಕಳಿಸಿಬಿಟ್ಟೆ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. "ತಮ್ಮ ಪತ್ರದಲ್ಲೇ ತಿಳಿಸಿರುವಂತೆ ಅರ್ಜಿಯು ಗಡುವು ಮೀರಿ ಬಂದಿರುವುದರಿಂದ ತಿರಸ್ಕರಿಸಲಾಗಿದೆ." ತಮ್ಮ ಪತ್ರದಲ್ಲೇ ಎಂಬಲ್ಲಿ ನನ್ನ ಬೆರಳು ನಿಂತಿತು. ನಾವು ಕಳಿಸಿದ ಪ್ರತಿಯನ್ನು ತೆರೆದು ಓದಿದೆ. ನನ್ನದೇ ವಾಕ್ಯ. ಎರಡನೆಯ ಕರಡು ಅದರ ಕೆಳಗೆ ಹಾಗೇ ಇತ್ತು, ಸಹಿಯಿಲ್ಲದೆ.

ಆಗ ನಾನು ಬಾದಾಮಿಯಲ್ಲಿ ಕಲಿತ ಪಾಠವನ್ನು ಉಪಯೋಗಿಸಿದೆ. "ತಾಂತ್ರಿಕ ದೋಷದಿಂದಾಗಿ ತಪ್ಪು ಪ್ರತಿ ರವಾನೆಯಾಗಿದೆ" ಎಂದು ಪತ್ರ ಬರೆದೆ. ಸಾಹೇಬರು ನನ್ನ ಮುಖ ನೋಡದೆ ಸಹಿ ಮಾಡಿದರು. ಮುಖ್ಯ ಕಚೇರಿಯವರು ಮೂರೇ ಸಾಲು ಬರೆದರು: ವ್ಯವಸ್ಥೆಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ, ಸಹಿಯಾದ ಪತ್ರವೇ ಅಂತಿಮ, ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ನಿಜ ಹೇಳಿದ್ದರೆ ಸರಿಯಾಗುತ್ತಿತ್ತೋ ಏನೋ. ಕಡತದ ಇತಿಹಾಸ ತೆಗೆದು ಕಳಿಸಿದ್ದರೆ ಎರಡೂ ಕರಡು, ಎರಡರ ಹೊತ್ತು, ಸಾಹೇಬರು ಒಪ್ಪಿದ್ದು ಯಾವುದನ್ನು ಎಂಬುದು, ಎಲ್ಲವೂ ಅವರಿಗೆ ಕಾಣುತ್ತಿತ್ತು. ಜೊತೆಗೆ ಸಾಹೇಬರು ಊರಲ್ಲಿಲ್ಲದ ಹೊತ್ತಿನಲ್ಲಿ ನನ್ನ ಯಂತ್ರದಿಂದ ಅವರ ಸಹಿ ಬಿದ್ದದ್ದೂ ಕಾಣುತ್ತಿತ್ತು.

"ಮುಂದ ಜಗ್ಗಬ್ಯಾಡ್ರಿ ಲಕ್ಕವ್ವ" ಎಂದರು ಸಾಹೇಬರು. "ಜಗ್ಗಿದ್ರ ನಿಮ್ಮ ಕುತ್ತಿಗೀಗೂ ಬರ್ತೈತಿ, ನನ್ನ ಕುತ್ತಿಗೀಗೂ ಬರ್ತೈತಿ." ಕೆಟ್ಟ ಮನುಷ್ಯನಲ್ಲ. ಹೆದರಿದ್ದರು. ನನಗೂ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ನಾನೂ ಹೆದರಿದ್ದೆ.

ಒಂದು ದಿನ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಕಚೇರಿಗೆ ಬಂದರು. ಹುಸೇನಬಿ ಬುರ್ಖಾದ ಮುಸುಕು ಎತ್ತಿ ಬಾಗಿಲ ಬಳಿಯ ಆ ಸ್ಟೂಲಿನ ಮೇಲೆ ಕೂತಳು. ಅದು ಯಾರ ಸ್ಟೂಲು ಎಂದು ಅವಳಿಗೆ ಗೊತ್ತಿರಲಿಲ್ಲ. ರೇಷ್ಮಾ ತಿರಸ್ಕಾರದ ಪತ್ರವನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಬಾಯಾರ, ನಾ ಇವರಪ್ಪನ ವರ್ಷದ ಫಾತಿಹಾ ಓದಿಸೂದಕ್ಕಿಂತ ಮೊದಲ ಕೊಟ್ಟೇನ್ರಿ" ಎಂದಳು ಹುಸೇನಬಿ. "ನನಗ ಛಲೋ ನೆನಪೈತಿ. ಇಕಿ ನಂಬವಲ್ಲಳು. ನೀವರ ಹೇಳ್ರಿ ಇಕಿಗೆ."

ರೇಷ್ಮಾ ನನ್ನ ಕಡೆ ನೋಡಿದಳು. "ಖರೆ ಏನ್ರಿ ಬಾಯಾರ? ಅವ್ವ ವ್ಯಾಳ್ಯಾಕ್ಕ ಕೊಟ್ಟಿದ್ಲೇನ್ರಿ?"

ಆ ಪುಟದ ಫೋಟೋ ನನ್ನ ಫೋನಿನಲ್ಲಿತ್ತು. ಫೋನು ನನ್ನ ಕೈಯಲ್ಲಿತ್ತು. "ಮ್ಯಾಲಿನವರು ಹಂಗ ಬರದಾರವ್ವ. ಏನ್ ಮಾಡೂದು" ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಷ್ಟು ವರ್ಷ ಕಚೇರಿ ಭಾಷೆ ಬರೆದವಳಿಗೆ ಅಷ್ಟು ಬರುತ್ತದೆ. ರೇಷ್ಮಾ ತಾಯಿಯ ಕಡೆ ತಿರುಗಿ, "ಕೇಳಿದೆಲ್ಲ? ಏಳು ಇನ್ನ" ಎಂದಳು. ಹುಸೇನಬಿ ಮುಸುಕು ಇಳಿಸಿ ಎದ್ದಳು.

ನಿವೃತ್ತಿಯ ದಿನ ಹಾರ ಹಾಕಿದರು, ಲಕ್ಕವ್ವನಂಥ ಕಟ್ಟುನಿಟ್ಟಿನ ಕೆಲಸಗಾರ್ತಿ ಇನ್ನು ಸಿಗುವುದಿಲ್ಲ ಎಂದು ಸಾಹೇಬರೇ ಮಾತಾಡಿದರು. ನಾನು ಕೈ ಮುಗಿದು ಕೂತಿದ್ದೆ. ನಾಳೆ ಇಳಕಲ್ಲಿಗೆ ಹೋಗಿ ಹೇಳಿಬಿಡಬೇಕು ಎಂದುಕೊಂಡೆ. ನಾಳೆ ಹೋಗಲಿಲ್ಲ. ಹಬ್ಬ ಆಗಲಿ ಎಂದೆ, ಮಳೆಗಾಲ ಮುಗಿಯಲಿ ಎಂದೆ. ಎರಡು ವರ್ಷ ಹೋಯಿತು. ಹುನಗುಂದದಲ್ಲಿ ಒಂದು ಮದುವೆಯಲ್ಲಿ ಇಳಕಲ್ಲ ಕಚೇರಿಯ ಹಳೆಯ ಗುಮಾಸ್ತರೊಬ್ಬರು ಸಿಕ್ಕು, ಹುಸೇನಬಿ ತೀರಿಕೊಂಡು ವರ್ಷವಾಯಿತು, ಮಗಳು ಅಮೀನಗಡದಲ್ಲಿ ಕರದಂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದರು. ಊಟದ ಎಲೆಯ ಮುಂದಿಂದ ಎದ್ದುಬಿಟ್ಟೆ.

ಮಾರನೆಯ ವಾರ ಅಮೀನಗಡದಲ್ಲಿ ಬಸ್ಸಿಳಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ರೇಷ್ಮಾ ಕರದಂಟನ್ನು ಡಬ್ಬಿಗೆ ತುಂಬುತ್ತಿದ್ದಳು. ಬೆಲ್ಲ ಅಂಟಿದ ಕೈಯನ್ನು ಅರಿವೆಗೆ ಒರೆಸಿಕೊಂಡು ಎದ್ದು ಬಂದಳು.

"ಬರ್ರಿ ಬಾಯಾರ, ಕೂಡ್ರಿ. ಭಾಳ ದಿನಾ ಆತು. ನಮ್ಮ ಸಲುವಾಗಿ ನೀವು ಎರಡನೇ ಸಲ ಪತ್ರಾ ಬರದಿದ್ರಂತ. ಆಫೀಸಿನವರು ಹೇಳಿದ್ರು. ಯಾರ್ ಮಾಡ್ತಾರ್ರಿ ಅಷ್ಟು?" ಎಂದಳು.

ಕೂತುಕೊಂಡರೆ ಹೇಳಲಾಗುವುದಿಲ್ಲ ಅನ್ನಿಸಿ ನಿಂತೇ ಹೇಳಿದೆ. ಎರಡು ಕರಡು, ಟೋಕನ್, ಮೇಲಿನದು, ಕೆಳಗಿನದು, ತಾಂತ್ರಿಕ ದೋಷ, ಫೋನಿನಲ್ಲಿದ್ದ ಫೋಟೋ. ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ಅಂದ್ರ ಅವ್ವ ಹೇಳಿದ್ದು ಖರೆ ಇತ್ತು?"

"ಖರೆ ಇತ್ತವ್ವ."

"ಆಫೀಸಿನಿಂದ ಬಂದ ದಿನಾ ಬಸ್ಸಿನ್ಯಾಗ ನಾ ಅಕಿಗೆ ಅಂದಿದ್ದೆ, ಕಾಗದ ಸುಳ್ಳು ಹೇಳತೈತೇನು, ನೀ ಹೇಳತೀಯೇನು ಅಂತ. ಮಂದಿ ಮುಂದ ಅಂದಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯದಾಯಿತು. "ಮೊದಮೊದಲು ಇಲ್ಲವ್ವ, ಕೊಟ್ಟೇನಿ ಅಂತಿದ್ಲು. ಆಮ್ಯಾಲ ಆಮ್ಯಾಲ, ನನಗ ಮರವು ಬಂದಿರಬೇಕು ತಗೋ, ನಿನ್ನ ನೌಕರಿ ನಾನ ಕಳದೆ ಅನ್ನಾಕ ಹತ್ತಿದ್ಲು. ನಾ ಇಲ್ಲ ಅನ್ನಲಿಲ್ರಿ. ಹೌದು ಅಂದೆ. ಸಾಯೂ ಮುಂದನೂ ನನ್ನ ಕಡೆ ಮಾಫಿ ಕೇಳಿ ಸತ್ಲು. ನಾ ಮಾಫ್ ಮಾಡೇನಿ ಅಂದೆ."

ನಾನು ಮೂವತ್ತು ವರ್ಷ ತಿದ್ದುಪಡಿ ಬರೆದವಳು. ದಿನಾಂಕಕ್ಕೆ ತಿದ್ದುಪಡಿ, ಹೆಸರಿಗೆ ತಿದ್ದುಪಡಿ, ಆದೇಶಕ್ಕೆ ತಿದ್ದುಪಡಿ. ಇದಕ್ಕೆ ಏನು ಬರೆಯಬೇಕೋ ನನಗೆ ಗೊತ್ತಿಲ್ಲ. ಹುಸೇನಬಿ ಇದ್ದಾಗ ಹೋಗಲು ನನಗೆ ನಿವೃತ್ತಿಯ ನಂತರವೂ ಪೂರಾ ಒಂದು ವರ್ಷ ಇತ್ತು.

"ಮತ್ತ ಅರ್ಜಿ ಹಾಕು" ಎಂದೆ. "ಮಾಹಿತಿ ಹಕ್ಕಿನ್ಯಾಗ ಆ ಕಡತದ ಎಲ್ಲಾ ಕರಡು ಕೇಳು. ಯಾರು ಯಾವಾಗ ಸಹಿ ಒತ್ತಿದ್ರು ಅನ್ನೂದೂ ಕೇಳು. ನನ್ನ ಹೆಸರು ಬರತೈತಿ, ಬರ್ಲಿ. ನಾ ಏನ್ ಬೇಕಾದ್ರೂ ಬರದು ಕೊಡ್ತೇನಿ."

"ನೌಕರಿ ಮಾತು ಆಮ್ಯಾಲ" ಎಂದಳು. "ಮೊದಲ ಅವ್ವಂದು ಬರದು ಕೊಡ್ರಿ. ನಿಮ್ಮ ಕೈಲೆ ಬರೀರಿ. ಸಹಿ ಹಾಕ್ರಿ."

ಚೀಲದಲ್ಲಿ ಬಿಳಿ ಹಾಳೆ ಇಟ್ಟುಕೊಳ್ಳುವ ಚಟ ನನಗೆ ಇನ್ನೂ ಹೋಗಿಲ್ಲ. ಡಬ್ಬಿಗಳ ಪಕ್ಕದಲ್ಲಿ ಕೂತು, ಮೊದಲ ಬಾರಿಗೆ ಕರಡಿಲ್ಲದೆ, ಪೆನ್ನಿನಿಂದ ಬರೆದೆ. ಸಹಿ ಹಾಕಲು ಹೋದಾಗ ಅವಳು ತಡೆದಳು. "ತಡೀರಿ. ಓದೂತನ ಹಾಕಬ್ಯಾಡ್ರಿ. ಅಪ್ಪ ಹಂಗ ಹೇಳ್ತಿದ್ದ" ಎಂದು ಹಾಳೆ ತೆಗೆದುಕೊಂಡು, ಗಟ್ಟಿಯಾಗಿ ಓದತೊಡಗಿದಳು.

"ರಾಜೇಸಾಬ ಇವರ ಪತ್ನಿ ಹುಸೇನಬಿ ಇವರು, ಕಾಮಾ, ತಮ್ಮ ಮಗಳ ಅರ್ಜಿಯನ್ನು ಗಡುವು ಮುಗಿಯುವ ಮೊದಲೇ ಇಳಕಲ್ಲ ಕಚೇರಿಗೆ ಕೊಟ್ಟಿದ್ದರು, ಪೂರ್ಣವಿರಾಮ." ತಲೆಯೂ ಒಂದಿಷ್ಟು ಬಗ್ಗಿತು, ಅವರದೇ ರೀತಿ. "ಸಾಹೇಬರ ಟೋಕನ್ ಬಳಸಿ ತಪ್ಪು ಕರಡಿಗೆ ಸಹಿ ಮಾಡಿದವಳು ನಾನು, ಪೂರ್ಣವಿರಾಮ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ, ಪೂರ್ಣವಿರಾಮ." ಹಾಳೆ ನನ್ನ ಮುಂದಿಟ್ಟಳು. "ಸರಿ ಐತಿ. ಈಗ ಹಾಕ್ರಿ."

ಹಾಕಿದೆ. ಕಣ್ಣು ಮಂಜಾಗಿ ಸಹಿ ಸೊಟ್ಟಗೆ ಬಿತ್ತು.

ಇದಾಗಿ ಒಂದು ವರ್ಷವಾಗುತ್ತ ಬಂತು. ರೇಷ್ಮಾ ಅರ್ಜಿ ಹಾಕಿದಳು. ಎರಡೂ ಕರಡುಗಳ ಪ್ರತಿ, ಸಹಿಯ ಹೊತ್ತಿನ ಸಮೇತ ಅವಳ ಕೈಗೆ ಬಂದಿವೆ. ಅವಳ ಕೆಲಸದ ವಿಷಯ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದಿದೆ. ಆ ಪದದ ಅರ್ಥ ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ವಿವರಣೆ ಕೇಳಿ ನನಗೂ ಒಂದು ನೋಟಿಸು ಬಂತು. ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟಿದ್ದೇನೆ. ನಿಮಗೆ ಹೇಳುವುದು ಇಷ್ಟೆ: ಹಳೆಯ ಕರಡನ್ನು ಅವತ್ತೇ ರದ್ದು ಮಾಡಿ. ಇನ್ನೊಬ್ಬರ ಟೋಕನ್ ಮುಟ್ಟಬೇಡಿ, ಅವರೇ ಹೇಳಿದರೂ ಮುಟ್ಟಬೇಡಿ. ಸಹಿಗೆ ಮುಂಚೆ ಪತ್ರವನ್ನು ಯಾರಿಂದಲಾದರೂ ಓದಿಸಿ ಕೇಳಿ. ಮಂದಿ ನಕ್ಕರೆ ನಗಲಿ. ತಪ್ಪಾದರೆ ಅವತ್ತೇ ಹೇಳಿ. ಕೇಳಬೇಕಾದವರು ಬದುಕಿರುವಾಗಲೇ ಹೇಳಿ.

ಅಮೀನಗಡದ ಆ ದಿನದ್ದು ಇನ್ನೊಂದು ಮಾತು ಉಳಿದಿದೆ. ಸಹಿ ಹಾಕಿದ ಮೇಲೆ ರೇಷ್ಮಾ ನನಗೆ ಚಹಾ ಕುಡಿಯಿರಿ ಎನ್ನಲಿಲ್ಲ. "ನೀವಿನ್ನ ಹೋಗ್ರಿ ಬಾಯಾರ, ಬಸ್ ಬರೂ ಹೊತ್ತಾತು" ಎಂದಳು. ಬಸ್ಸು ಹತ್ತಿ ಕಿಟಕಿಯ ಬಳಿ ಕೂತೆ. ಅವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆ ಹಾಳೆಯನ್ನು ಮೊದಲಿನಿಂದ ಮತ್ತೆ ಓದುತ್ತಿದ್ದಳು. ಮನಸ್ಸಿನಲ್ಲಲ್ಲ, ತುಟಿಗಳು ಅಲುಗುತ್ತಿದ್ದವು. ಯಾರಿಗೋ ಓದಿ ಹೇಳುತ್ತಿದ್ದಳು.